ಕೆಲಸ ಮುಗಿಯಿತು ಅನ್ನೋದು ಯಾವಾಗ?

ಐಟಿಯಲ್ಲಿ ಫ್ರೀಲಾನ್ಸ್ ಕೆಲಸಕ್ಕೆ ಇಳಿದವರು ನನ್ನನ್ನು ಮೊದಲು ಕೇಳುವುದು ರೇಟಿನ ಬಗ್ಗೆ. ಗಂಟೆಗೆ ಎಷ್ಟು ಹೇಳಲಿ, ಇಡೀ ಪ್ರಾಜೆಕ್ಟಿಗೆ ಎಷ್ಟು ಕೇಳಲಿ ಅಂತ. ಬೇಕಾದ ಲೆಕ್ಕವೇ ಅದು. ಆದರೆ ನಾನು ನೋಡಿದ ಜಗಳಗಳಲ್ಲಿ ಜಾಸ್ತಿ ಪಾಲು ರೇಟಿಗಾಗಿ ಹುಟ್ಟಿದ್ದಲ್ಲ. ಕೆಲಸ ಮುಗಿದಿದೆ ಅಂತ ಒಬ್ಬರು, ಎಲ್ಲಿ ಮುಗಿದಿದೆ ಅಂತ ಇನ್ನೊಬ್ಬರು. ಕೊನೆಯ ಕಂತು ನಿಂತುಹೋಗುವುದು ಅಲ್ಲೇ.

ಒಪ್ಪಂದದಲ್ಲಿ 'ಲಾಗಿನ್ ಪುಟ' ಅಂತ ಒಂದೇ ಸಾಲು ಇದೆ ಅಂದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಇಮೇಲ್, ಪಾಸ್‌ವರ್ಡ್, ಒಂದು ಬಟನ್. ಕ್ಲೈಂಟ್ ಮನಸ್ಸಿನಲ್ಲಿ ಮೊಬೈಲಿಗೆ ಒಟಿಪಿ, ಗೂಗಲ್ ಖಾತೆಯಿಂದ ಲಾಗಿನ್, ಪಾಸ್‌ವರ್ಡ್ ಮರೆತವರಿಗೆ ರಿಸೆಟ್, ಎಲ್ಲವೂ ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಸರಿ, ರಿಸೆಟ್ ಮಾಡಿಕೊಟ್ಟಿರಿ. ನಿಮ್ಮ ಕೋಡ್ ಮೇಲ್ ಕಳಿಸುತ್ತದೆ, ಅದು ಸೀದಾ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಡೊಮೇನ್‌ಗಳಿಗೆಲ್ಲ ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್ ನಿಜಕ್ಕೂ ಆ ಡೊಮೇನಿನದೇ ಅಂತ ತೋರಿಸುವ ದಾಖಲೆಗಳು) ಇರಬೇಕು ಅನ್ನುತ್ತದೆ. ದಿನಕ್ಕೆ 5,000 ಅಥವಾ ಅದಕ್ಕಿಂತ ಜಾಸ್ತಿ ಕಳಿಸುವವರಿಗೆ ಅವೆರಡೂ ಬೇಕು, ಆ ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಕೂಡ ಬೇಕು. ಈ ದಾಖಲೆಗಳನ್ನು ಸೇರಿಸುವುದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರಿನ ವಿವರಗಳನ್ನು ಇಡುವ ಕಡೆ. ಅದರ ಪಾಸ್‌ವರ್ಡ್ ಇರುವುದು ಕ್ಲೈಂಟ್ ಹತ್ತಿರ, ಇಲ್ಲವೇ ಅವರು ಎಂದೋ ಬಿಟ್ಟ ಹಳೆಯ ಡೆವಲಪರ್ ಹತ್ತಿರ. ಕೋಡ್‌ನಲ್ಲಿ ತಪ್ಪಿಲ್ಲ, ಆದರೂ ಮೇಲ್ ಬರುತ್ತಿಲ್ಲ ಅಂತ ನಿಮ್ಮ ಹಣ ನಿಂತಿದೆ.

ಅದಕ್ಕೇ ಸಾಲನ್ನು ಹೀಗೆ ಬರೆಯಿರಿ: 'ನೋಂದಾಯಿಸಿದ ಬಳಕೆದಾರರು ಪಾಸ್‌ವರ್ಡ್ ಮರೆತೆ ಎಂಬುದನ್ನು ಒತ್ತಿದರೆ ರಿಸೆಟ್ ಲಿಂಕ್ ಇರುವ ಮೇಲ್ ಹೊರಡುತ್ತದೆ. ಲಿಂಕ್ 30 ನಿಮಿಷ ಮಾತ್ರ ನಡೆಯುತ್ತದೆ. ಡಿಎನ್‌ಎಸ್ ದಾಖಲೆ ಸೇರಿಸುವುದು ಕ್ಲೈಂಟ್ ಹೊಣೆ.' ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ಹೌದು ಅಥವಾ ಇಲ್ಲ ಅನ್ನಬಹುದು. 'ಸೈಟ್ ವೇಗವಾಗಿರಬೇಕು' ಅನ್ನುವ ಸಾಲಿಗೆ ಹಾಗೆ ಹೇಳೋಕಾಗಲ್ಲ, ಅಲ್ವಾ? ಅಂಥದ್ದು ಕಂಡರೆ ಸಹಿ ಹಾಕುವ ಮೊದಲೇ ಬಿಡಿಸಿ ಕೇಳಿ. ಯಾವ ಪುಟ, ಎಷ್ಟು ಸೆಕೆಂಡು, ಒಂದೇ ಹೊತ್ತಿಗೆ ಎಷ್ಟು ಜನ?

ಇನ್ನೊಂದು ಸಾಲು ನಾನು ಯಾವತ್ತೂ ಬಿಡುವುದಿಲ್ಲ. ಕೆಲಸ ಒಪ್ಪಿಸಿದ 10 ದಿನದೊಳಗೆ ದೋಷಗಳನ್ನು ಬರವಣಿಗೆಯಲ್ಲಿ ತಿಳಿಸದಿದ್ದರೆ ಒಪ್ಪಿಕೊಂಡಂತೆ. ಕ್ಲೈಂಟ್ ಸುಮ್ನಿರುವುದು ಯಾವಾಗಲೂ ಮೋಸದಿಂದಲ್ಲ. ನೋಡಬೇಕಾದವರಿಗೆ ಬೇರೆ ಕೆಲಸ ಬಂದಿರುತ್ತದೆ, ಅಷ್ಟೇ. ಆದರೆ ಅವರ ಬಿಡುವಿಗೆ ಕಾಯುತ್ತಾ ನಿಮ್ಮ ಬಿಲ್ ಕೊಳೆಯಬಾರದು. ಗಂಟೆ ಲೆಕ್ಕದ ಗುತ್ತಿಗೆಯಲ್ಲಿ ಈ ತಲೆನೋವು ಕಡಿಮೆ. ವಾರವಾರ ಟೈಮ್‌ಶೀಟಿಗೆ ಒಪ್ಪಿಗೆ ತಗೊಂಡರೆ ಆಯಿತು.

ಒಪ್ಪಿಸಿದ ಮೇಲಿನ ಹೊಣೆಗೂ ಒಂದು ಗಡಿ ಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಲೈಬ್ರರಿಯ (ಬೇರೆಯವರು ಬರೆದಿಟ್ಟ, ನಾವು ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಕೋಡ್) ಭದ್ರತಾ ದೋಷ ಬಯಲಾಯಿತಲ್ಲ, ಲೆಕ್ಕವಿಲ್ಲದಷ್ಟು ಜಾವಾ ಪ್ರೋಗ್ರಾಂಗಳ ಒಳಗೆ ಅದು ಕೂತಿತ್ತು. ಎಂದೋ ಬರೆದುಕೊಟ್ಟ ಕೋಡನ್ನು ಈಗ ಪುಕ್ಕಟೆಯಾಗಿ ಸರಿಮಾಡಬೇಕೇ? ಕೊಟ್ಟ ದಿನ ಆ ದೋಷ ಯಾರಿಗೂ ಗೊತ್ತಿರಲಿಲ್ಲ. ನಾವು ಬರೆದ ಸಾಲಿನ ತಪ್ಪನ್ನು ಮೊದಲ 60 ದಿನ ಪುಕ್ಕಟೆ ತಿದ್ದುವುದು ನ್ಯಾಯ. ಬೇರೆಯವರ ಲೈಬ್ರರಿ, ಹೊಸ ಬ್ರೌಸರ್, ಬದಲಾದ ಸರ್ವರ್, ಇವೆಲ್ಲ ನಿರ್ವಹಣೆ ಕೆಲಸ. ಅದಕ್ಕೆ ಬೇರೆ ದರ, ಬೇರೆ ಕಾಗದ.

ಕೊನೆಗೆ ಕೋಡ್ ಯಾರದು ಅನ್ನುವ ಪ್ರಶ್ನೆ. ಗುತ್ತಿಗೆಯವರು ಬರೆದ ಕೋಡ್‌ನ ಕಾಪಿರೈಟ್, ಕಾಗದದಲ್ಲಿ ಬರೆದು ಕೊಡದಿದ್ದರೆ, ಹಲವು ದೇಶಗಳಲ್ಲಿ ಬರೆದವರದ್ದೇ ಆಗಿ ಉಳಿಯುತ್ತದೆ. ಕ್ಲೈಂಟ್‌ಗೂ ಇದನ್ನು ತಿಳಿಸಿ ಹೇಳಿ. ಪೂರ್ತಿ ಹಣ ಸೇರಿದ ದಿನ ಹಕ್ಕು ಅವರದಾಗುತ್ತದೆ ಅಂತ ಒಪ್ಪಂದದಲ್ಲೇ ಹಾಕಿ. ಅದೇ ದಿನ ಕೋಡ್ ಇಟ್ಟಿರುವ ರೆಪೊಸಿಟರಿ ಅವರ ಖಾತೆಗೆ ಹೋಗಲಿ. ಸರ್ವರ್‌ನಿಂದ ನಿಮ್ಮ ಎಸ್‌ಎಸ್‌ಎಚ್ ಕೀಗಳನ್ನು (ದೂರದಿಂದ ಸರ್ವರ್ ಒಳಗೆ ಹೋಗಲು ಬಳಸುವ ಡಿಜಿಟಲ್ ಕೀಗಳು) ತೆಗೆಸಿ, ತೆಗೆದಿದ್ದೇವೆ ಅಂತ ಅವರಿಂದ ಒಂದು ಮೇಲ್ ತರಿಸಿಕೊಳ್ಳಿ. ಮುಂದೆ ಅಲ್ಲಿ ಯಾರೋ ನುಗ್ಗಿದರೆ ಮೊದಲು ಹುಡುಕುವುದು ಹಳೆಯ ಗುತ್ತಿಗೆಯವರನ್ನೇ.