ಕರೆಂಟ್ ಕಡಿದಾಗ ಹಾರುವ ಕಿಡಿ

ಪೆಟ್ರೋಲ್ ಕಾರಿನ ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ನ ತುದಿಯಲ್ಲಿರುವ ಸಂದು ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ಆದರೆ ಸಿಲಿಂಡರ್ ಒಳಗೆ ಗಾಳಿ ಒತ್ತಿ ತುಂಬಿರುತ್ತದೆ. ಅದನ್ನು ಸೀಳಿಕೊಂಡು ಆ ಸಂದು ದಾಟಲು ಕಿಡಿಗೆ ಸಾವಿರಾರು ವೋಲ್ಟ್ ಬೇಕು. ಅದನ್ನು ಹೊಂದಿಸಿ ಕೊಡುವುದೇ ಇಗ್ನಿಷನ್ ಕಾಯಿಲ್.

ಕಾಯಿಲ್ ಒಳಗೆ ಕಬ್ಬಿಣದ ತಿರುಳು, ಅದರ ಸುತ್ತ ಎರಡು ಸುರುಳಿ. ಒಂದು ದಪ್ಪ ತಂತಿಯದು. ಇನ್ನೊಂದು ಕೂದಲಿನಂಥ ತಂತಿಯದು, ಸುತ್ತುಗಳು ಸುಮಾರು ನೂರು ಪಟ್ಟು ಜಾಸ್ತಿ. ದಪ್ಪ ತಂತಿಯಲ್ಲಿ ಕರೆಂಟ್ ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ. ತಮಾಷೆ ಏನೆಂದರೆ, ಕಿಡಿ ಹಾರುವುದು ಆ ಹೊತ್ತಿನಲ್ಲಲ್ಲ. ಇಂಜಿನ್‌ನ ಕಂಪ್ಯೂಟರ್ ಆ ಕರೆಂಟನ್ನು ತಟ್ಟನೆ ಕಡಿದಾಗ! ಜೋರಾಗಿ ಹರಿಯುವ ನಲ್ಲಿಯನ್ನು ಫಕ್ಕನೆ ಮುಚ್ಚಿದರೆ ಪೈಪು ದಡಕ್ ಅನ್ನುತ್ತದಲ್ಲ, ಹಾಗೆ. ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಬದಲಾವಣೆ ಬೇಗ ಆದಷ್ಟೂ ವೋಲ್ಟೇಜ್ ಜಾಸ್ತಿ. ದಪ್ಪ ಸುರುಳಿಯಲ್ಲಿ ಮುನ್ನೂರು ವೋಲ್ಟ್ ಎದ್ದರೆ ತೆಳು ಸುರುಳಿಯಲ್ಲಿ ಮೂವತ್ತು ಸಾವಿರದವರೆಗೂ ಏರಬಹುದು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್‌ಗೂ ಸೆಕೆಂಡಿಗೆ 25 ಸಲ ಇದೇ ಕೆಲಸ.

ಇಷ್ಟು ವೋಲ್ಟೇಜನ್ನು ಹಿಡಿದಿಡುವುದು ಸುರುಳಿಯ ಮೇಲಿನ ತೆಳುವಾದ ಇನ್ಸುಲೇಷನ್. ಇಂಜಿನ್ನಿನ ಬಿಸಿ, ಅದುರಾಟ ಅದನ್ನು ಸವೆಸುತ್ತವೆ. ಅದಕ್ಕಿಂತ ದೊಡ್ಡ ಶತ್ರು, ನನ್ನ ಮಟ್ಟಿಗೆ, ಹಳೇ ಪ್ಲಗ್. ಪ್ಲಗ್ ಸವೆದಂತೆ ಸಂದು ಅಗಲವಾಗುತ್ತದೆ, ಕಾಯಿಲ್ ಇನ್ನೂ ಜಾಸ್ತಿ ವೋಲ್ಟೇಜ್ ಕೊಡಬೇಕಾಗುತ್ತದೆ. ಒಂದು ದಿನ ಕಿಡಿ ಆ ಸಂದನ್ನು ಬಿಟ್ಟು, ಇನ್ಸುಲೇಷನ್ ತೂತು ಮಾಡಿಕೊಂಡು ಅಡ್ಡದಾರಿ ಹಿಡಿಯುತ್ತದೆ.

ಆಗ ಇಂಜಿನ್ ಮಿಸ್ಸಿಂಗ್ ಶುರು, ಅಂದರೆ ಆ ಸಿಲಿಂಡರ್‌ನ ಪೆಟ್ರೋಲ್ ಉರಿಯದೆ ಇಂಜಿನ್ ತಡವರಿಸುತ್ತದೆ. ಏರು ಹತ್ತುವಾಗಲೇ ಜಾಸ್ತಿ, ಯಾಕೆಂದರೆ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡವೂ ಏರಿ ಕಿಡಿಗೆ ಕಷ್ಟವಾಗುತ್ತದೆ. ಇಂಜಿನ್ ದೀಪ ಮಿಣುಕುತ್ತಿದ್ದರೆ ಸುಮ್ನೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಡುತ್ತದೆ.

ಕಾಯಿಲ್‌ಗೆ ಇಷ್ಟು ಕಿಲೋಮೀಟರ್ ಅಂತ ಸಾಮಾನ್ಯವಾಗಿ ಲೆಕ್ಕ ಇಲ್ಲ. ಕೆಟ್ಟಾಗ ಬದಲಿಸಿದರೆ ಸಾಕು. ಆದರೆ ಕೆಟ್ಟಿದ್ದು ಅದೇನಾ ಅಂತ ನೋಡಬೇಕು. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0302 ಬಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅಷ್ಟೇ. ಸಿಲಿಂಡರ್‌ಗೊಂದು ಕಾಯಿಲ್ ಇರುವ ಕಾರಾದರೆ ಇಂಜಿನ್ ಆಫ್ ಮಾಡಿ, ಎರಡನೆಯದನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ ನೋಡಿ. ಈಗ ಪಿ0303 ಬಂತೇ? ಕಾಯಿಲ್ ಹೋಗಿದೆ. ಎರಡರಲ್ಲೇ ಉಳಿಯಿತೇ? ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಡೆ ನೋಡಿ.

ನಾನೂ ಒಮ್ಮೆ ಕಾಯಿಲ್ ಬದಲಿಸಿ ನಿಶ್ಚಿಂತೆಯಾಗಿದ್ದೆ. ಕೆಲವೇ ತಿಂಗಳಲ್ಲಿ ಅದೇ ಸಿಲಿಂಡರ್, ಅದೇ ಮಿಸ್ಸಿಂಗ್. ಕಾಯಿಲ್ ಎಳೆದು ನೋಡಿದರೆ ಅದರ ರಬ್ಬರ್ ತುದಿ ಎಣ್ಣೆಯಲ್ಲಿ ನೆಂದು ಊದಿಕೊಂಡಿತ್ತು, ಪಕ್ಕದಲ್ಲಿ ಕಿಡಿ ಜಾರಿದ ಕಪ್ಪು ಗೆರೆ. ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿ, ಪ್ಲಗ್ ಕೂರುವ ಗುಂಡಿಗೆ ಇಂಜಿನ್ ಆಯಿಲ್ ಇಳಿಯುತ್ತಿತ್ತು. ಮೊದಲ ಸಲವೇ ಆ ಗುಂಡಿಗೆ ಟಾರ್ಚ್ ಬಿಟ್ಟು ನೋಡಿದ್ದರೆ ಕಾಣುತ್ತಿತ್ತು.