ಶನಿವಾರದ ಶಾಲೆಯಲ್ಲಿ ಮಕ್ಕಳ ಸುರಕ್ಷತೆ: ಯಾವ ಕೌನ್ಸಿಲ್‌ಗೆ ಫೋನ್ ಮಾಡಬೇಕು?

ಇದು ಇಂಗ್ಲೆಂಡಿನಲ್ಲಿ ಸಮುದಾಯದವರೇ ನಡೆಸುವ ಪೂರಕ ಶಾಲೆಗಳಿಗೆ (ವಾರದ ಶಾಲೆಯ ಜೊತೆಗೆ ಶನಿವಾರ ಭಾಷೆ, ಸಂಸ್ಕೃತಿ ಕಲಿಸುವಂಥವಕ್ಕೆ) ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆ ಬೇರೆ.

ಶಿಕ್ಷಣ ಇಲಾಖೆ 2020ರಲ್ಲಿ ಇಂಥ ಶಾಲೆಗಳೂ ಸೇರಿ ಶಾಲೆಯ ಹೊರಗಿನ ತರಗತಿಗಳಿಗೆಂದು ಹೊರಡಿಸಿದ ಸುರಕ್ಷತಾ ಮಾರ್ಗದರ್ಶಿ ಕಡ್ಡಾಯವಲ್ಲ. ಪೂರಕ ಶಾಲೆಗಳಿಗೆ ನೆರವಾಗುವ ರಾಷ್ಟ್ರೀಯ ಸಂಸ್ಥೆ ಎನ್‌ಆರ್‌ಸಿಎಸ್‌ಇ ಕೊಡುವ ಗುಣಮಟ್ಟದ ಮನ್ನಣೆಯೂ ಅಷ್ಟೇ, ಬೇಕಿದ್ದವರು ಅರ್ಜಿ ಹಾಕುತ್ತಾರೆ. ಹಾಗಂತ ಕಡತ ಖಾಲಿ ಇಟ್ಟುಕೊಂಡರೆ ನಡೆಯದು. ನಿಮಗೆ ಕೊಠಡಿ ಬಾಡಿಗೆಗೆ ಕೊಡುವ ಶಾಲೆ ನಿಮ್ಮ ಸುರಕ್ಷತಾ ನೀತಿಯನ್ನು ಕೇಳಿ ನೋಡಲೇಬೇಕು.

ಡಿಬಿಎಸ್ ತಪಾಸಣೆ (ಮಕ್ಕಳ ಜೊತೆ ಕೆಲಸ ಮಾಡುವವರ ಅಪರಾಧ ದಾಖಲೆಯ ತಪಾಸಣೆ) ಎಲ್ಲರಿಗೂ ಗೊತ್ತು, ಎರಡೇ ಮಾತು. ಸರ್ಟಿಫಿಕೇಟ್ ಅರ್ಜಿದಾರರ ಮನೆಗೆ ಮಾತ್ರ ಹೋಗುತ್ತದೆ. ಮೂಲಪ್ರತಿಯನ್ನು ಕಣ್ಣಾರೆ ನೋಡಿ, ಅದರ ಸಂಖ್ಯೆ, ದಿನಾಂಕ, ಯಾವ ಹಂತದ್ದು ಎಂಬುದನ್ನು ಬರೆದಿಟ್ಟುಕೊಳ್ಳಿ. ಬೇರೆ ದೇಶದಲ್ಲಿ ವರ್ಷಗಟ್ಟಲೆ ಇದ್ದು ಬಂದವರ ಅಲ್ಲಿನ ದಾಖಲೆ ಡಿಬಿಎಸ್‌ನಲ್ಲಿ ಸಿಗುವುದಿಲ್ಲ ಎಂದುಕೊಳ್ಳಿ. ಭಾರತದಿಂದ ಬಂದವರಾದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿ. ಜೊತೆಗೆ ಎರಡು ರೆಫರೆನ್ಸ್ ತರಿಸಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಮಗುವಿನ ಬಗ್ಗೆ ಆತಂಕ ಬಂದಾಗ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ತಿಳಿಸಿ ಅಂತ ಎಲ್ಲ ನೀತಿಗಳಲ್ಲೂ ಇರುತ್ತದೆ. ಯಾವ ಕೌನ್ಸಿಲ್? ಊರಿನ ಶಾಲೆಗೆ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಶನಿವಾರದ ಶಾಲೆಗಾದರೆ ಮಕ್ಕಳು ನಾಲ್ಕೈದು ಕೌನ್ಸಿಲ್‌ಗಳ ವ್ಯಾಪ್ತಿಯಿಂದ ಬರುತ್ತಾರೆ. ಮೊದಲು ಕೇಳಿಕೊಳ್ಳಬೇಕಾದ್ದು: ಆತಂಕ ಯಾರ ಬಗ್ಗೆ?

ಮನೆಯಲ್ಲಿ ಮಗುವಿಗೆ ಏನೋ ಆಗುತ್ತಿದೆ ಎನಿಸಿದರೆ, ಮಗು ವಾಸಿಸುವ ಕೌನ್ಸಿಲ್‌ನ ಮಕ್ಕಳ ಸೇವಾ ವಿಭಾಗ. ನಿಮ್ಮದೇ ಶಿಕ್ಷಕರ ಅಥವಾ ಸ್ವಯಂಸೇವಕರ ಮೇಲೆ ದೂರು ಬಂದರೆ, ನಿಮ್ಮ ಶಾಲೆ ನಡೆಯುವ ಜಾಗದ ಕೌನ್ಸಿಲ್‌ನ ಲೇಡೊ (LADO), ಅಂದರೆ ಮಕ್ಕಳ ಜೊತೆ ಕೆಲಸ ಮಾಡುವವರ ಮೇಲಿನ ದೂರುಗಳನ್ನು ನೋಡಿಕೊಳ್ಳುವ ಅಧಿಕಾರಿ. ಶಿಕ್ಷಕರೊಬ್ಬರು ಮಗುವಿಗೆ ಹೊಡೆದರು, ಮಗುವಿನ ಮನೆ ಪಕ್ಕದ ಕೌನ್ಸಿಲ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಲೇಡೊಗಂತೂ ತಿಳಿಸಲೇಬೇಕು, ಜೊತೆಗೆ ಮಗುವಿನ ಕೌನ್ಸಿಲ್‌ಗೂ ತಿಳಿಸಬೇಕಾಗಬಹುದು. ಒಂದು ಕಡೆ ಹೇಳಿದರೆ ಇನ್ನೊಂದು ಕಡೆಗೆ ತಾನಾಗಿ ಮುಟ್ಟುತ್ತದೆ ಎಂದು ಕೂರಬೇಡಿ.

ಲೇಡೊಗೆ ಒಂದು ಕೆಲಸದ ದಿನದೊಳಗೆ ತಿಳಿಸಬೇಕು. ಶನಿವಾರ ಮಧ್ಯಾಹ್ನದ ಘಟನೆ ಅಂದರೆ ಸೋಮವಾರ. ಆದರೆ ಮಗು ಇವತ್ತು ರಾತ್ರಿ ಕ್ಷೇಮವಾಗಿರುವುದೇ ಅನುಮಾನ ಎಂದಾದರೆ ಸೋಮವಾರದ ಮಾತೇ ಇಲ್ಲ: ಮಗು ವಾಸಿಸುವ ಕೌನ್ಸಿಲ್‌ನ ರಜಾದಿನದ ತುರ್ತು ತಂಡಕ್ಕೆ ಆಗಲೇ ಫೋನ್ ಮಾಡಿ, ತಕ್ಷಣದ ಅಪಾಯವಿದ್ದರೆ 999. ಆ ತುರ್ತು ನಂಬರ್ ಕಚೇರಿ ನಂಬರಿಗಿಂತ ಬೇರೆಯದೇ ಇರುವುದು ಹೆಚ್ಚು.

ಇದಕ್ಕೊಂದು ಸುಲಭದ ದಾರಿ ಇದೆ. ಪ್ರವೇಶ ಅರ್ಜಿಯಲ್ಲಿ ಪೋಸ್ಟ್‌ಕೋಡ್ ಪಕ್ಕ ‘ಕೌನ್ಸಿಲ್’ ಎಂಬ ಕಾಲಂ ಸೇರಿಸಿ. ಪೋಸ್ಟ್‌ಕೋಡ್ ಕೊಟ್ಟರೆ ಸರ್ಕಾರದ ವೆಬ್‌ಸೈಟ್ ಕೌನ್ಸಿಲ್ ಯಾವುದೆಂದು ಹೇಳುತ್ತದೆ. ವರ್ಷದ ಮೊದಲ ವಾರವೇ ತುಂಬಿಸಿ, ಪ್ರತಿ ಕೌನ್ಸಿಲ್‌ನ ಹಗಲಿನ ಮತ್ತು ತುರ್ತಿನ ನಂಬರುಗಳನ್ನು ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿ. ಮಗು ಮನೆ ಬದಲಿಸಿದರೆ ಕಾಲಂ ಕೂಡ ಬದಲಾಗಬೇಕು, ಮರೆಯುವುದು ಇದನ್ನೇ.

ಫೋನ್ ಮಾಡುವ ಮುನ್ನ ‘ನಿಜವೋ ಸುಳ್ಳೋ ವಿಚಾರಿಸೋಣ’ ಎಂದು ಕಮಿಟಿಯವರು ಶಿಕ್ಷಕರನ್ನು ಕರೆಸುವುದುಂಟು. ಬೇಡ. ಎಲ್ಲರೂ ಪರಿಚಯದವರಾದ ಸಮುದಾಯದಲ್ಲಿ ಸುದ್ದಿ ಸಂಜೆಯೊಳಗೆ ಹರಡುತ್ತದೆ, ಮಗುವಿನ ಮೇಲೆ ಮಾತು ಬದಲಿಸುವ ಒತ್ತಡ ಬೀಳುತ್ತದೆ, ಪೊಲೀಸರಿಗೆ ಸಾಕ್ಷ್ಯ ಕೆಡುತ್ತದೆ. ಆರೋಪಿತರಿಗೆ ಏನು, ಯಾವಾಗ ಹೇಳಬೇಕೆಂದು ಲೇಡೊ ಹೇಳುತ್ತಾರೆ. ಮನೆಯ ಬಗೆಗಿನ ಆತಂಕವಾದರೆ, ಕೌನ್ಸಿಲ್‌ಗೆ ಹೇಳುವ ಮುಂಚೆಯೇ ಪೋಷಕರಿಗೆ ಸಾಮಾನ್ಯವಾಗಿ ತಿಳಿಸಬೇಕು, ಅದರಿಂದ ಮಗುವಿಗೆ ಅಪಾಯ ಹೆಚ್ಚುವಂತಿದ್ದರೆ ತಿಳಿಸಬಾರದು.

ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆಯಿರಿ. ಕನ್ನಡದಲ್ಲಿ ಹೇಳಿದ್ದರೆ ಕನ್ನಡದಲ್ಲೇ, ಇಂಗ್ಲಿಷ್ ಅನುವಾದ ಕೆಳಗೆ. ‘ಅಪ್ಪ ಹೊಡೆದರಾ?’ ಎನ್ನುವಂತಿಲ್ಲ, ‘ಏನಾಯ್ತು, ಹೇಳು’ ಅಷ್ಟೇ. ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ದಿನಾಂಕ, ಸಮಯ, ಸಹಿ ಇರಲಿ. ನಿಮ್ಮ ಅಭಿಪ್ರಾಯವಿದ್ದರೆ ಅದು ಬೇರೆ ಪ್ಯಾರಾದಲ್ಲಿ.