ಕಾಣದ್ದನ್ನು ನೋಡುವುದು ಹೇಗೆ? 2 ಕೊರಿಂಥ 4:16–18, ನನ್ನ ಟಿಪ್ಪಣಿ

ಬುಧವಾರದ ವಾಕ್ಯಧ್ಯಾನದಲ್ಲಿ ಈ ಮೂರು ವಚನ ಬಂದವು. ಚಿಕ್ಕಬಳ್ಳಾಪುರದಲ್ಲಿ ನಾವು ಎಂಟು ಹತ್ತು ಜನ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆದರೆ ನನಗೆ ಅರ್ಥವಾಗಿರಲಿಲ್ಲ. ನಾಲ್ಕು ದಿನ ಒದ್ದಾಡಿದ ಮೇಲೆ ಈಗ ಸ್ವಲ್ಪ ಹಿಡಿತಕ್ಕೆ ಸಿಕ್ಕಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. 2 ಕೊರಿಂಥ ಅಂದರೆ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಎರಡನೇ ಪತ್ರ. ಅದಕ್ಕಿಂತ ಹೆಚ್ಚಿನ ಹಿನ್ನೆಲೆ ಬಿಟ್ಟಿದ್ದೇನೆ.

ವಚನಗಳನ್ನು ನನ್ನ ಮಾತಲ್ಲಿ ಹೇಳಿದರೆ ಹೀಗೆ. 16: ಹೊರಗಿನ ಮನುಷ್ಯ ಸವೆಯುತ್ತಿದ್ದಾನೆ, ಒಳಗಿನ ಮನುಷ್ಯ ದಿನದಿನಕ್ಕೂ ಹೊಸಬನಾಗುತ್ತಿದ್ದಾನೆ. 17: ಈಗಿನ ಕಷ್ಟ ಹಗುರ, ಅದು ತರುವ ಮಹಿಮೆ ಭಾರ. 18: ನಮ್ಮ ನೋಟ ಕಾಣುವುದರ ಮೇಲಲ್ಲ, ಕಾಣದಿರುವುದರ ಮೇಲೆ.

ನಾನು ಎಡವಿದ ಜಾಗ

18ನೇ ವಚನ. ಕಾಣದೇ ಇರೋದನ್ನು ನೋಡೋದು ಹೇಗೆ? ಕಾಣದಿದ್ದರೆ ನೋಡಕ್ಕಾಗಲ್ಲ, ನೋಡಕ್ಕಾದರೆ ಅದು ಕಾಣದ್ದಲ್ಲ. ಅಲ್ವಾ?

ಮೊದಲ ಎರಡು ದಿನ ನಾನು ಮಾಡಿದ ತಪ್ಪು ಇದು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಪರಲೋಕವನ್ನು ಕಲ್ಪಿಸಿಕೊಳ್ಳಲು ಹೋದೆ. ಬಂದಿದ್ದು ಕ್ಯಾಲೆಂಡರ್ ಚಿತ್ರ. ಮೋಡ, ಬಂಗಾರದ ಬೀದಿ, ಬಿಳಿ ಬಟ್ಟೆ. ಐದು ನಿಮಿಷಕ್ಕೆ ಅದೂ ಕರಗಿ, ಗ್ಯಾಸ್ ಬುಕ್ ಮಾಡಿಲ್ಲ ಅನ್ನೋದು ನೆನಪಾಯಿತು. ನನಗೆ ನಂಬಿಕೆ ಕಡಿಮೆ ಎಂದು ಬೇಜಾರು ಮಾಡಿಕೊಂಡು ಎದ್ದೆ.

ದಾರಿ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಬಸ್ ಕಾಣ್ತಾ ಇದೆಯೇನಪ್ಪ?" ನಾನು ಅಂದೆ, "ನೋಡ್ತಾ ಇದ್ದೀನಿ, ಇನ್ನೂ ಕಾಣ್ತಿಲ್ಲ."

ಹೇಳಿದ ಮೇಲೆ ಹೊಳೆಯಿತು. ನಮ್ಮ ಕನ್ನಡದಲ್ಲಿ ಇವು ಎರಡು ಬೇರೆ ಬೇರೆ ಕ್ರಿಯಾಪದ. ನೋಡೋದು ನಾನು ಮಾಡುವ ಕೆಲಸ. ಕಾಣೋದು ತಾನಾಗಿ ಆಗುವುದು. ಅದಕ್ಕೇ "ನಾನು ನೋಡಿದೆ" ಅನ್ನುತ್ತೇವೆ, ಆದರೆ "ನನಗೆ ಕಾಣಿಸಿತು" ಅನ್ನುತ್ತೇವೆ. ನೋಡಿದರೂ ಕಾಣದೇ ಇರಬಹುದು. ನೋಡದೆ ಸುಮ್ನೆ ಹೋಗುವಾಗಲೂ ಕಣ್ಣಿಗೆ ಬೀಳಬಹುದು. ಪೌಲನೂ ಒಂದೇ ವಾಕ್ಯದಲ್ಲಿ ಎರಡು ಪದ ಬಳಸುತ್ತಾನೆ. ಕಣ್ಣಿಗೆ ಕಾಣುವುದಕ್ಕೆ ಒಂದು ಗ್ರೀಕ್ ಪದ, ನಾವು ಮಾಡುವ ನೋಟಕ್ಕೆ ಇನ್ನೊಂದು, ಸ್ಕೊಪೆಒ. ಅದರ ಜೊತೆಯ ನಾಮಪದ ಸ್ಕೊಪೊಸ್, ಅಂದರೆ ಗುರಿ. ಗುರಿಯ ಕಡೆಗೆ ಓಡುತ್ತೇನೆ ಎಂದು ಫಿಲಿಪ್ಪಿ 3:14ರಲ್ಲಿ ಹೇಳುವಾಗಲೂ ಅದೇ ಪದ. ಟೆಲಿಸ್ಕೋಪಿನ ಬಾಲದಲ್ಲಿರುವುದೂ ಅದೇ ಬೇರು.

ಹಾಗಾದರೆ ವಚನ ಕೇಳುತ್ತಿರುವುದು ಕಾಣಲೇಬೇಕು ಎಂದಲ್ಲ, ಆ ಕಡೆ ಮುಖ ಮಾಡು ಎಂದು. ಬಸ್ ಬರುವ ದಿಕ್ಕಿಗೆ ಕತ್ತು ತಿರುಗಿಸಿ ನಿಂತ ಹಾಗೆ. ಕಾಣಿಸಿಲ್ಲ ಅನ್ನೋದು ನನ್ನ ಸೋಲಲ್ಲ.

ಇಲ್ಲಿ ಒಂದು ತಕರಾರು ಇದೆ. ನಮ್ಮ ಗುಂಪಿನಲ್ಲಿ ಒಬ್ಬರು ನಂದಿ ಬೆಟ್ಟದ ಉದಾಹರಣೆ ಕೊಟ್ಟರು: ಚಳಿಗಾಲದ ಬೆಳಿಗ್ಗೆ ಮಂಜಿನಲ್ಲಿ ಬೆಟ್ಟವೇ ಮಾಯ, ಆದರೆ ಇದ್ದೇ ಇರುತ್ತದೆ ಎಂದು. ಚೆನ್ನಾಗಿದೆ, ಆದರೆ ನನಗೆ ಸಾಲಲಿಲ್ಲ. ಬೆಟ್ಟವನ್ನು ನಿನ್ನೆ ನೋಡಿದ್ದೇವೆ. ಅದು ನೆನಪು, ನಂಬಿಕೆ ಅಲ್ಲ. ಬಸ್ಸಿನಲ್ಲಿ ನನಗೆ ಇಷ್ಟವಾದದ್ದು ಬೇರೆ. ಈ ಬಸ್ಸನ್ನು ನಾನು ಇವತ್ತು ನೋಡೇ ಇಲ್ಲ. ಬರುತ್ತದೆ ಎಂದು ಕಂಟ್ರೋಲರ್ ಹೇಳಿದ ಒಂದು ಮಾತಿಗೆ ನಿಂತಿದ್ದೇನೆ. ಇಬ್ರಿಯ 11:7ರಲ್ಲಿ ನೋಹನದೂ ಅದೇ ಕಥೆ. ಇನ್ನೂ ಕಾಣದ ಸಂಗತಿಯ, ಅಂದರೆ ಜಲಪ್ರಳಯದ, ಬಗ್ಗೆ ದೇವರು ಹೇಳಿದ ಮಾತು ಕೇಳಿ ದೊಡ್ಡ ಹಡಗು ಕಟ್ಟಿದ. ಕಾಣದ್ದರ ಕಡೆಗಿದ್ದ ಅವನ ನೋಟ ಕೆಲಸವಾಗಿ ತೋರಿದ್ದು ಉಳಿ, ಸುತ್ತಿಗೆ, ಮರದ ಹಲಗೆಯಲ್ಲಿ.

ಇನ್ನೊಂದು ಸಣ್ಣದು. 18ರಲ್ಲಿ ಸ್ಕೊಪೆಒ ಪದ ನಡೆಯುತ್ತಲೇ ಇರುವ ಕ್ರಿಯೆಯಾಗಿದೆ. "ನಾವು ನೋಡುತ್ತಿರುವಾಗ" ಅಂತಲೂ ಓದಬಹುದು, "ನೋಡುತ್ತಿರುವುದರಿಂದ" ಅಂತಲೂ ಓದಬಹುದು. ನನಗೆ ಮೊದಲನೆಯದೇ ಹಿಡಿಸಿತು. ನೋಡುತ್ತಿರುವಾಗ ಕಷ್ಟ ಹಗುರ. ಕತ್ತು ಈ ಕಡೆ ತಿರುಗಿದ ಕೂಡಲೇ ಅದೇ ಕಷ್ಟ ಮತ್ತೆ ಭಾರ. ಇದು ನನ್ನ ವಾರದ ಅನುಭವವೂ ಹೌದು.

ಲಘು, ಗುರು

17ಕ್ಕೆ ನನ್ನ ಅಡ್ಡದಾರಿ ಹೈಸ್ಕೂಲಿನ ಛಂದಸ್ಸು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪೌಲ ಕಷ್ಟಕ್ಕೆ ಲಘು ಹಾಕುತ್ತಾನೆ, ಮಹಿಮೆಗೆ ಗುರು. ಗುರು ಅಂದರೆ ಭಾರ, ಅದರಿಂದಲೇ ಗೌರವ. ಹೀಬ್ರೂ ಭಾಷೆಯಲ್ಲೂ ಮಹಿಮೆಗೆ ಹೇಳುವ ಕಾವೋದ್ ಪದದ ಬೇರು ಭಾರವೇ. ಎರಡೂ ಭಾಷೆ ಒಂದೇ ತಕ್ಕಡಿ ಹಿಡಿದಿವೆ. ನನಗಂತೂ ಖುಷಿಯಾಯಿತು.

ಆದರೆ ಇಲ್ಲಿ ಮೋಸ ಹೋಗಬೇಡಿ. ಕಷ್ಟವೇ ಕಾಣದವನು ಆಡಿದ ಮಾತಲ್ಲ ಇದು. ಇದೇ ಪತ್ರಿಕೆಯ 11:24–25 ಓದಿ. ಐದು ಸಲ ಒಂದು ಕಡಿಮೆ ನಲವತ್ತು ಏಟು, ಮೂರು ಸಲ ಕೋಲಿನ ಪೆಟ್ಟು, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. ಅವನೇ ಲಘು ಅಂದಿದ್ದು. ಬೇರೆಯವರ ಕಷ್ಟಕ್ಕೆ ನಾವು ಲಘು ಹಾಕಲು ಹೋಗಬಾರದು, ಸಾವಿನ ಮನೆಯಲ್ಲಂತೂ ಬೇಡ.

ಮಾಯೆ ಅಲ್ಲ

ಕಾಣುವುದೆಲ್ಲ ಸುಳ್ಳು ಎಂದು ಪೌಲ ಹೇಳುವುದಿಲ್ಲ. 18ರ ಕೊನೆಯಲ್ಲಿ ಅದನ್ನು ಸ್ವಲ್ಪ ಕಾಲದ್ದು ಅನ್ನುತ್ತಾನೆ, ಅಷ್ಟೇ. ಬಂಡೆಯ ಮೇಲೆ ಬಿದ್ದ ಬೀಜದ ಬಗ್ಗೆ ಮಾರ್ಕ 4:17ರಲ್ಲಿರುವುದೂ ಇದೇ ಗ್ರೀಕ್ ಪದ. ಆ ಪೈರು ನಿಜವಾಗಿ ಮೊಳೆತಿತ್ತು, ಬಾಳಲಿಲ್ಲ. ಹಾಗಾಗಿ ಮನೆ ಬಾಡಿಗೆ ನಿಜ, ಕಟ್ಟಬೇಕು.

ಒಳಗಿನ ಮನುಷ್ಯ

16 ನನಗೆ ಶಿಡ್ಲಘಟ್ಟದ ಕಡೆ ಮಾವನ ಹುಳುಮನೆಯಿಂದ ಅರ್ಥವಾಯಿತು. ರೇಷ್ಮೆ ಸಾಕುವವರಿಗೆ ಗೊತ್ತು, ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೇಳುವುದು. ಚಿಕ್ಕವನಿದ್ದಾಗ ಮೊದಲ ಸಲ ನೋಡಿ ಹೆದರಿದ್ದೆ. ಪರಪರ ಸೊಪ್ಪು ಮೇಯುತ್ತಿದ್ದ ತಟ್ಟೆ ಪೂರ್ತಿ ಸದ್ದಿಲ್ಲದೆ ಕೂತಿತ್ತು. ತಲೆ ಎತ್ತಿಕೊಂಡು ಒಂದೂ ಅಲುಗಾಡುತ್ತಿರಲಿಲ್ಲ. ಸತ್ತವು ಎಂದುಕೊಂಡು ಕಡ್ಡಿಯಲ್ಲಿ ತಿವಿದೆ, ಮೇಲೆ ಸೊಪ್ಪು ಹಾಕಿದೆ. ಅತ್ತೆ ಕೈಗೆ ಬಾರಿಸಿದರು. ಜ್ವರದಲ್ಲಿರುವಾಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಣ್ಣದ ಪುಡಿ ಉದುರಿಸಿ ಒಣಗಿಸಿಡಬೇಕು. ಒಂದು ದಿನ ಕಳೆಯಿತು. ಮರುದಿನ ನೋಡಿದರೆ ಸುಕ್ಕುಗಟ್ಟಿದ ಹಳೇ ಪೊರೆ ಹಿಂದೆ ಬಿದ್ದಿದೆ, ಹುಳುವಿನ ತಲೆ ಮೊದಲಿಗಿಂತ ದೊಡ್ಡದಾಗಿದೆ.

ಹೊರಗೆ ಜ್ವರ, ಒಳಗೆ ಹೊಸ ಚರ್ಮ. ಎರಡೂ ಒಂದೇ ದಿನ, ಒಂದೇ ಮೈಯಲ್ಲಿ. ಪೌಲ ಹೇಳುವುದೂ ಹಾಗೇ, ಇದು ಮುಗಿದ ಮೇಲೆ ಅದು ಎಂದಲ್ಲ. (ಉದಾಹರಣೆಯನ್ನು ಇಲ್ಲಿಗೇ ನಿಲ್ಲಿಸಿ. ಮುಂದೆ ಎಳೆದರೆ ಹುಳು ಹೋಗೋದು ಫಿಲೇಚರಿನ, ಅಂದರೆ ನೂಲು ಬಿಚ್ಚುವ ಕಾರ್ಖಾನೆಯ, ಕುದಿಯೋ ನೀರಿಗೆ.)

ಎಲೀಷನ ಕಥೆ

2 ಅರಸುಗಳು 6. ಪ್ರವಾದಿ ಎಲೀಷ ಇದ್ದ ದೋತಾನ್ ಊರನ್ನು ಶತ್ರುಗಳಾದ ಅರಾಮ್ಯರ ಸೈನ್ಯ ಸುತ್ತಿಕೊಂಡಿದೆ. ಸೇವಕ ಹೆದರುತ್ತಾನೆ. ಬೆಂಕಿಯ ರಥಗಳು ಬರಲಿ ಎಂದು ಎಲೀಷ ದೇವರನ್ನು ಕೇಳಲಿಲ್ಲ, ಇವನ ಕಣ್ಣು ತೆರೆಯಲಿ ಎಂದು ಕೇಳಿದ. ತೆರೆದಾಗ ಆ ರಥಗಳು ಆಗಲೇ ಬೆಟ್ಟದ ತುಂಬ ಇದ್ದವು. ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಗುರುತು ಹಾಕಿಕೊಂಡದ್ದು 22, 23ನೇ ವಚನ. ಹಿಡಿದು ತಂದ ಅದೇ ಸೈನ್ಯಕ್ಕೆ ಊಟ ಹಾಕಿಸಿ ಕಳಿಸುತ್ತಾನೆ. ಕಾಣದ್ದನ್ನು ನೋಡುತ್ತಿದ್ದವನ ಕೆಲಸ ಅಡುಗೆ ಮನೆಯಲ್ಲಿ ಮುಗಿಯಿತು.

ಮುಂದಿನ ಬುಧವಾರ 5ನೇ ಅಧ್ಯಾಯ. ಅಲ್ಲಿ 7ನೇ ವಚನ ಬಂದಾಗ ನನ್ನ ನೋಡು–ಕಾಣು ಲೆಕ್ಕ ಕೈಕೊಡುತ್ತದೆ ಎಂದು ಹೆದರಿದ್ದೆ. ನೋಟದಿಂದಲ್ಲ, ನಂಬಿಕೆಯಿಂದ ನಡೆಯುತ್ತೇವೆ ಅನ್ನುವ ಮಾತು ಅದು. ನೋಡೋದೇ ಬೇಡ ಅಂದಂತೆ ಆಯಿತಲ್ಲ! ತೆಗೆದು ನೋಡಿದೆ. ಗ್ರೀಕಿನಲ್ಲಿ ಅಲ್ಲಿರುವುದು ಎಯ್ದೊಸ್, ಅಂದರೆ ರೂಪ, ಕಣ್ಣಿಗೆ ಬೀಳುವ ಆಕಾರ. ಅದು ಕಾಣೋದರ ಸಾಲಿಗೇ ಸೇರುತ್ತದೆ.